ಗೋಡೌನ್‌ನವರು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿದ್ದಾರೆ, ಕೊಡಬಹುದಾ?

ಪ್ರಶ್ನೆ: ಸರ್, ನಾವು ಹಾವೇರಿ ಜಿಲ್ಲೆಯವರು. ಆರು ವರ್ಷದಿಂದ ಬ್ಯಾಡಗಿ ಮೆಣಸಿನಕಾಯಿ ಪುಡಿ, ಶೇಂಗಾ ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತಿದ್ದೇವೆ. ದಿನಕ್ಕೆ 150ರ ಹತ್ತಿರ ಆರ್ಡರ್ ಬರುತ್ತವೆ. ಇಷ್ಟು ದಿನ ಮನೆ ಹಿಂದಿನ ಶೆಡ್‌ನಲ್ಲೇ ಪ್ಯಾಕ್ ಮಾಡುತ್ತಿದ್ದೆವು, ಈಗ ಕೈ ಸಾಲುತ್ತಿಲ್ಲ. ಮೂರು ತಿಂಗಳಿಂದ ನೆಲಮಂಗಲದ ಹತ್ತಿರದ ಒಂದು ಲಾಜಿಸ್ಟಿಕ್ಸ್ ಕಂಪನಿಗೆ ಟ್ರಯಲ್ ಅಂತ ಅರ್ಧ ಆರ್ಡರ್ ಕೊಟ್ಟಿದ್ದೇವೆ. ಪೂರ್ತಿ ವಹಿಸಿಕೊಳ್ಳಬೇಕಾದರೆ ವೆಬ್‌ಸೈಟಿನ ಅಡ್ಮಿನ್ ಲಾಗಿನ್, ಮಾಲು ಸಾಗಿಸಲು ಸರ್ಕಾರಿ ಪೋರ್ಟಲ್‌ನಲ್ಲಿ ಮಾಡುವ ಇ-ವೇ ಬಿಲ್‌ನ ಪಾಸ್‌ವರ್ಡ್, ಹಳೆಯ ಗ್ರಾಹಕರ ಪೂರ್ತಿ ಪಟ್ಟಿ ಬೇಕು ಅನ್ನುತ್ತಿದ್ದಾರೆ. ಇದರ ಮಧ್ಯೆ ದಾವಣಗೆರೆಯ ಗ್ರಾಹಕರೊಬ್ಬರಿಗೆ 'ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸರಿಯಿಲ್ಲ, ನಾನು ಹೇಳುವ ನಂಬರ್ ಒತ್ತಿ' ಅಂತ ಕರೆ ಬಂದಿದೆ. ಅವರಿಗೆ ಅನುಮಾನ ಬಂದು ಫೋನ್ ಇಟ್ಟರು, ಆದರೆ ಬೈದದ್ದು ನಮಗೆ. ಕಂಪನಿಗೆ ಐಎಸ್‌ಒ ಇದೆ, ಅಗ್ರಿಮೆಂಟ್‌ನಲ್ಲಿ ಬರೆಸಿಕೊಂಡರೆ ಸಾಕು ಅಂತ ಮೈದುನ ಹೇಳುತ್ತಾನೆ. ಕೊಡೋದೇ ಬೇಡ, ಇದ್ದ ಹಾಗೇ ಇರೋಣ ಅನ್ನುವುದು ನಮ್ಮ ಯಜಮಾನರ ಮಾತು. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಆ ಕರೆ ಯಾಕೆ ಬಂತು, ನಮ್ಮ ಗ್ರಾಹಕರ ಮಾಹಿತಿ ಸೋರಿದೆಯಾ ಅನ್ನುವುದು ಒಂದು. ಮುಂದೆ ಇವರಿಗೆ ಏನೇನು ಕೊಡಬೇಕು ಅನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ನೋಡೋಣ. ಒಂದರ ಸಿಟ್ಟಿನಲ್ಲಿ ಇನ್ನೊಂದನ್ನು ತೀರ್ಮಾನ ಮಾಡಿದರೆ ಕೆಲಸ ಕೆಡುತ್ತದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಗೋಡೌನ್‌ಗೆ ವಹಿಸಿ, ಆದರೆ ಅವರು ಕೇಳಿದ ಮೂರನ್ನೂ ಕೇಳಿದ ರೂಪದಲ್ಲಿ ಕೊಡಬೇಡಿ. ಪಾರ್ಸೆಲ್ ಹೊರಡಲು ಆ ಮೂರರಲ್ಲಿ ಒಂದೂ ಬೇಕಾಗಿಲ್ಲ.

ಮೊದಲು ಕರೆಯ ವಿಷಯ.

ಕರೆ ಬಂದ ಕೂಡಲೇ ಗೋಡೌನ್‌ನವರೇ ಮಾರಿಕೊಂಡರು ಅಂತ ಹೇಳಲು ಆಗುವುದಿಲ್ಲ. ನಿಮ್ಮ ಒಂದು ಪ್ಯಾಕೆಟ್ ಚಟ್ನಿಪುಡಿ ದಾವಣಗೆರೆ ಮುಟ್ಟುವ ಹೊತ್ತಿಗೆ ಅದರ ಮೇಲಿನ ಲೇಬಲ್ ಎಷ್ಟು ಜನರ ಕಣ್ಣಿಗೆ ಬಿದ್ದಿರುತ್ತದೆ ಯೋಚಿಸಿ. ಪ್ಯಾಕ್ ಮಾಡುವವರು, ಲೋಡ್ ಮಾಡುವವರು, ಕೊರಿಯರ್ ಹಬ್‌ನಲ್ಲಿ ವಿಂಗಡಿಸುವವರು, ಮನೆಗೆ ತಲುಪಿಸುವ ಹುಡುಗ. ಕೊನೆಗೆ ಗ್ರಾಹಕರೇ ಹರಿದು ಕಸಕ್ಕೆ ಹಾಕಿದ ಕವರ್. ಹೆಸರು, ವಿಳಾಸ, ಫೋನ್ ನಂಬರ್, ಕೊಡಬೇಕಾದ ಹಣ ಎಲ್ಲವೂ ಆ ಲೇಬಲ್ ಮೇಲೇ ಇರುತ್ತದೆ. ಇನ್ನು 'ನಿಮ್ಮ ಪಾರ್ಸೆಲ್ ತಲುಪಿಸಲು ಆಗಲಿಲ್ಲ, ಈ ಲಿಂಕ್ ಒತ್ತಿ' ಅಂತ ಇಂಡಿಯಾ ಪೋಸ್ಟ್ ಹೆಸರಿನಲ್ಲಿ ಬರುವ ಮೆಸೇಜುಗಳಿಗೆ ಯಾವ ಸೋರಿಕೆಯೂ ಬೇಕಾಗಿಲ್ಲ. ಸಿಕ್ಕ ಸಿಕ್ಕ ನಂಬರಿಗೆಲ್ಲ ಕಳಿಸುತ್ತಾರೆ. ಯಾರಾದರೂ ಒಬ್ಬರು ಅದೇ ಹೊತ್ತಿಗೆ ಪಾರ್ಸೆಲ್ ಕಾಯುತ್ತಿದ್ದರೆ ಗಾಳಕ್ಕೆ ಬೀಳುತ್ತಾರೆ.

ಹಾಗಾಗಿ ಆ ಗ್ರಾಹಕರಿಗೆ ನೀವೇ ಫೋನ್ ಮಾಡಿ ಒಂದು ಮಾತು ಕೇಳಿ. ಕರೆ ಮಾಡಿದವನಿಗೆ ಏನೇನು ಗೊತ್ತಿತ್ತು? ಬರೀ ಪಾರ್ಸೆಲ್ ಅಂದನಾ, ಹೆಸರು ಹೇಳಿದನಾ, ಅಥವಾ ಅರ್ಧ ಕಿಲೋ ಖಾರದ ಪುಡಿ, ಎರಡು ಪ್ಯಾಕೆಟ್ ಚಟ್ನಿಪುಡಿ ಅಂತ ಐಟಂ ಸಮೇತ ಹೇಳಿದನಾ? ಹೆಸರೂ ಹೇಳದಿದ್ದರೆ ಅದು ಸುಮ್ನೆ ಬೀಸಿದ ಬಲೆ. ಹೆಸರು, ವಿಳಾಸ, ಹಣ ಗೊತ್ತಿದ್ದರೆ ದಾರಿಯಲ್ಲಿ ಲೇಬಲ್ ನೋಡಿದವರು ಯಾರಾದರೂ ಇರಬಹುದು. ಆದರೆ ಲೇಬಲ್ ಮೇಲೆ ಇಲ್ಲದ ವಿವರವೂ ಗೊತ್ತಿತ್ತು, ಹಳೆಯ ಆರ್ಡರ್ ಬಗ್ಗೆಯೂ ಮಾತಾಡಿದ ಅಂದರೆ ನಿಮ್ಮ ಆರ್ಡರ್ ಪಟ್ಟಿಯೇ ಎಲ್ಲೋ ಕೈ ಬದಲಿಸಿದೆ. ಅದು ನಿಮ್ಮ ವೆಬ್‌ಸೈಟ್ ಕಡೆಯಿಂದಲೂ ಹೋಗಿರಬಹುದು, ಅದನ್ನೂ ಮರೆಯಬೇಡಿ.

ಇದನ್ನು ಖಚಿತ ಮಾಡಿಕೊಳ್ಳಲು ನಾನು ಎಲ್ಲರಿಗೂ ಹೇಳುವ ಒಂದು ಉಪಾಯ ಇದೆ. ಖರ್ಚು ಬಹಳ ಕಡಿಮೆ. ನಾಲ್ಕು ಟೆಸ್ಟ್ ಆರ್ಡರ್ ಹಾಕಿ. ಎರಡು ನೆಲಮಂಗಲದಿಂದ ಹೋಗಲಿ, ಎರಡು ನಿಮ್ಮ ಶೆಡ್‌ನಿಂದ ಹೋಗಲಿ. ಪ್ರತಿಯೊಂದರಲ್ಲೂ ಹೆಸರನ್ನು ಸ್ವಲ್ಪ ಬೇರೆ ಮಾಡಿ ಬರೆಯಿರಿ, ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಒಂದು ಅಕ್ಷರ ಜಾಸ್ತಿ. ಸಾಧ್ಯವಾದರೆ ಎಲ್ಲೂ ಕೊಡದ ಹೊಸ ಸಿಮ್ ನಂಬರ್ ಹಾಕಿ, ಪಾರ್ಸೆಲ್ ತಗೊಳ್ಳುವವರು ನಿಮ್ಮ ನೆಂಟರೇ ಆಗಿರಲಿ. ಆಮೇಲೆ ಕಾಯಿರಿ. ಯಾವ ಹೆಸರಿಗೆ ಮೋಸದ ಕರೆ ಬರುತ್ತದೋ ಆ ದಾರಿಯಲ್ಲಿ ತೂತು ಇದೆ. ನೆಲಮಂಗಲದ ಎರಡಕ್ಕೆ ಮಾತ್ರ ಬಂದರೆ ಒಂದು ಅರ್ಥ, ನಾಲ್ಕಕ್ಕೂ ಬಂದರೆ ಇನ್ನೊಂದು ಅರ್ಥ. ಇಷ್ಟು ಕೈಯಲ್ಲಿ ಇಟ್ಟುಕೊಂಡು ಮಾತಾಡಿದರೆ ಕಂಪನಿಯವರೂ ಗಂಭೀರವಾಗಿ ತಗೊಳ್ಳುತ್ತಾರೆ. ಬರೀ ಅನುಮಾನ ಹಿಡಿದು ಹೋದರೆ ನಮ್ಮ ಕಡೆಯಿಂದ ಅಲ್ಲ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಆ ನಂಬರ್ ಒತ್ತಿ ಅನ್ನುವ ತಂತ್ರ ಏನು ಅಂತಲೂ ಹೇಳುತ್ತೇನೆ, ನಿಮ್ಮ ಗ್ರಾಹಕರಿಗೆ ತಿಳಿಸಲು ಬೇಕಾಗುತ್ತದೆ. *21* ಅಥವಾ *401* ಅಂತ ಶುರುವಾಗಿ ಮುಂದೆ ಒಂದು ಫೋನ್ ನಂಬರ್ ಇರುತ್ತದೆ. ಅದು ಕಾಲ್ ಫಾರ್ವರ್ಡ್ ಮಾಡುವ ಕೋಡ್. ಒತ್ತಿದರೆ ನಿಮಗೆ ಬರಬೇಕಾದ ಕರೆಗಳು ಅವನ ಫೋನಿಗೆ ಹೋಗುತ್ತವೆ. ಬ್ಯಾಂಕಿನವರು, ವಾಟ್ಸಾಪ್‌ನವರು ಕರೆ ಮಾಡಿ ಹೇಳುವ ಒಟಿಪಿಯೂ ಅವನಿಗೇ. ಯಾರಾದರೂ ಗೊತ್ತಾಗದೆ ಒತ್ತಿದ್ದರೆ ##002# ಡಯಲ್ ಮಾಡಿದರೆ ಫಾರ್ವರ್ಡ್ ಎಲ್ಲಾ ರದ್ದಾಗುತ್ತದೆ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲಿ ಮಾತ್ರ ಚೆನ್ನಾಗಿರುತ್ತದೆ.

ಈಗ ಮೈದುನರ ಮಾತಿಗೆ ಬರೋಣ. ಐಎಸ್‌ಒ ಇದ್ದರೆ ಒಳ್ಳೆಯದೇ. ಆದರೆ ಸರ್ಟಿಫಿಕೇಟ್ ಕೈಗೆ ತಗೊಂಡು ಓದಿ. ಮೊದಲನೆಯದಾಗಿ ಅದು ಯಾವ ಐಎಸ್‌ಒ? 9001 ಅಂತಿದ್ದರೆ ಅದು ಗುಣಮಟ್ಟ ನಿರ್ವಹಣೆಯದ್ದು, ಮಾಹಿತಿ ಸುರಕ್ಷತೆಗೆ ಸಂಬಂಧವೇ ಇಲ್ಲ. ಸುರಕ್ಷತೆಯದ್ದು 27001. ಅದೇ ಇದ್ದರೂ ಅದರಲ್ಲಿ ಸ್ಕೋಪ್ ಅಂತ ಒಂದು ಸಾಲು ಇರುತ್ತದೆ, ಯಾವ ಜಾಗಕ್ಕೆ, ಯಾವ ಕೆಲಸಕ್ಕೆ ಈ ಸರ್ಟಿಫಿಕೇಟ್ ಅಂತ. ಹೆಡ್ ಆಫೀಸಿನ ಸಾಫ್ಟ್‌ವೇರ್ ವಿಭಾಗಕ್ಕೆ ಮಾತ್ರ ತಗೊಂಡು, ಗೋಡೌನ್ ಅದರೊಳಗೆ ಬಾರದೇ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಮಾಲು ಇರುವುದು ಗೋಡೌನ್‌ನಲ್ಲಿ ಅಲ್ವಾ?

ಅಗ್ರಿಮೆಂಟ್ ವಿಷಯಕ್ಕೂ ಹೀಗೇ. ಬರೆಸಿಕೊಳ್ಳಲೇಬೇಕು, ಆದರೆ ಬರೆಸಿಕೊಂಡ ಮಾತ್ರಕ್ಕೆ ಹೊಣೆ ನಿಮ್ಮ ಹೆಗಲಿಂದ ಇಳಿಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದನ್ನು ನೇರವಾಗಿ ಹೇಳುತ್ತದೆ. ಗ್ರಾಹಕರಿಂದ ಮಾಹಿತಿ ಪಡೆದವರು ನೀವು. ಕೆಲಸ ಮಾಡಿಸಲು ಅದನ್ನು ಇನ್ನೊಬ್ಬರಿಗೆ ಕೊಟ್ಟಿದ್ದರೂ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಜವಾಬ್ದಾರಿ ನಿಮ್ಮದೇ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ತಕ್ಕ ಸುರಕ್ಷತೆ ಇಡದಿದ್ದರೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ. ನಿಮ್ಮಂಥವರ ಮೇಲೆ ಅಷ್ಟು ಹಾಕುತ್ತಾರೆ ಅಂತ ಹೆದರಿಸುತ್ತಿಲ್ಲ. ಅವರು ಸಹಿ ಹಾಕಿದ್ದಾರೆ, ನಮಗೇನು ಅಂತ ಕೂರಲು ಆಗುವುದಿಲ್ಲ ಅಂತ ಹೇಳುತ್ತಿದ್ದೇನೆ ಅಷ್ಟೇ. ಅದೂ ಅಲ್ಲದೆ ದಾವಣಗೆರೆಯವರು ಬೈದದ್ದು ನಿಮ್ಮನ್ನೇ ತಾನೇ. ಗ್ರಾಹಕರಿಗೆ ಗೊತ್ತಿರುವುದು ನಿಮ್ಮ ಹೆಸರು ಒಂದೇ.

ನೀವು ಪತ್ರದಲ್ಲಿ ಬರೆದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಇನ್ನೊಂದು ಮಾತು: ನಾವು ಸಣ್ಣವರು, ನಮ್ಮನ್ನು ಹ್ಯಾಕ್ ಮಾಡಿ ಯಾರಿಗೆ ಏನು ಸಿಗುತ್ತದೆ? ನಿಜ, ನಿಮ್ಮನ್ನು ಹುಡುಕಿಕೊಂಡು ಯಾರೂ ಬರಲಿಕ್ಕಿಲ್ಲ. ಆದರೆ ನಿಮ್ಮ ಮಾಲು ಇಟ್ಟುಕೊಂಡವರನ್ನು ಹುಡುಕಿಕೊಂಡು ಬರುತ್ತಾರೆ. 2025ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪೀಟರ್ ಗ್ರೀನ್ ಚಿಲ್ಡ್ ಅನ್ನುವ ಕಂಪನಿಗೆ ರಾನ್ಸಮ್‌ವೇರ್ ದಾಳಿ ಆಯಿತು, ಅಂದರೆ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಬಿಚ್ಚಲು ಹಣ ಕೇಳುವ ದಾಳಿ. ತಂಪಾಗಿ ಇಡಬೇಕಾದ ಆಹಾರವನ್ನು ದೊಡ್ಡ ಸೂಪರ್‌ಮಾರ್ಕೆಟ್‌ಗಳಿಗೆ ತಲುಪಿಸುವವರು ಅವರು. ಗಾಡಿಗಳು ಓಡುತ್ತಿದ್ದವು, ಆದರೆ ಹೊಸ ಆರ್ಡರ್ ತಗೊಳ್ಳಲು ಕಂಪ್ಯೂಟರ್ ಇರಲಿಲ್ಲ. ಅವರ ಮೂಲಕ ಮಾಲು ಕಳಿಸುತ್ತಿದ್ದ ಸಣ್ಣ ತಯಾರಕರು, ತಮ್ಮದೇನೂ ತಪ್ಪಿಲ್ಲದೆ, ಮಾಂಸದ ಪ್ಯಾಕೆಟ್‌ಗಳು ಕೆಟ್ಟುಹೋಗುತ್ತವೆ ಅಂತ ಕೈ ಹಿಸುಕಿಕೊಂಡು ಕೂತರು. ಅದೇ ದೇಶದಲ್ಲಿ 158 ವರ್ಷದ ಹಳೆಯ ಸಾಗಣೆ ಕಂಪನಿ ಕೆಎನ್‌ಪಿ 2023ರಲ್ಲಿ ಇಂಥದೇ ದಾಳಿಯ ನಂತರ ಬಾಗಿಲು ಹಾಕಿತು, 700 ಜನ ಕೆಲಸ ಕಳೆದುಕೊಂಡರು. ಒಳಗೆ ಬರಲು ಕಳ್ಳರು ಬಳಸಿದ್ದು ಒಬ್ಬ ನೌಕರರ ಊಹಿಸಬಹುದಾದ ಪಾಸ್‌ವರ್ಡ್ ಅಂತ ನಂಬಲಾಗಿದೆ.

ಗೋಡೌನ್‌ಗಳೇ ಯಾಕೆ ಇಷ್ಟು ಸುಲಭವಾಗಿ ಸಿಗುತ್ತವೆ ಅಂದರೆ, ಅಲ್ಲಿ ಕೆಲಸದ ಸ್ವಭಾವವೇ ಹಾಗಿದೆ. ಟ್ರಕ್ ಬಾಗಿಲಲ್ಲಿ ನಿಂತಿರುತ್ತದೆ, ಪ್ರತಿ ನಿಮಿಷವೂ ಹಣ. ಪಾಸ್‌ವರ್ಡ್ ಮರೆತು ಹತ್ತು ನಿಮಿಷ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ. ನಾನು ಹೋಗಿದ್ದ ಒಂದು ದೊಡ್ಡ ಗೋಡೌನ್‌ನಲ್ಲಿ ಡಿಸ್ಪ್ಯಾಚ್ ಟೇಬಲ್ ಮೇಲಿನ ಮಾನಿಟರ್‌ಗೆ ಲಾಗಿನ್, ಪಾಸ್‌ವರ್ಡ್ ಎರಡೂ ಬರೆದ ಚೀಟಿ ಅಂಟಿಸಿದ್ದರು. ಮೂರು ಪಾಳಿಗೂ ಅದೇ ಒಂದು ಲಾಗಿನ್. ದಸರಾ, ದೀಪಾವಳಿ ಹೊತ್ತಿಗೆ ಕಾಂಟ್ರಾಕ್ಟರ್ ಕಡೆಯಿಂದ ಇಪ್ಪತ್ತು ಮೂವತ್ತು ಹುಡುಗರು ಹೆಚ್ಚುವರಿಯಾಗಿ ಬರುತ್ತಾರೆ, ಅವರಿಗೂ ಅದೇ. ಹಬ್ಬ ಮುಗಿದ ಮೇಲೆ ಅವರು ಹೋಗುತ್ತಾರೆ, ಪಾಸ್‌ವರ್ಡ್ ಅವರ ಜೊತೆಯಲ್ಲೇ ಹೋಗುತ್ತದೆ. ಆ ಹುಡುಗರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಕಷ್ಟಪಟ್ಟು ದುಡಿಯುವ ಜನ. ಆದರೆ ಯಾರು ಏನು ನೋಡಿದರು, ಯಾರು ಯಾವ ಪಟ್ಟಿ ಇಳಿಸಿಕೊಂಡರು ಅಂತ ಆಮೇಲೆ ಹುಡುಕಲು ದಾರಿಯೇ ಇರುವುದಿಲ್ಲ, ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋಗಿರುತ್ತಾರೆ.

ಇನ್ನು ಅವರ ಬೆನ್ನಿಗೆ ಇರುವವರು. ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇರೆ ಕಂಪನಿಯದ್ದು, ಅದನ್ನು ರಿಪೇರಿ ಮಾಡಲು ಎನಿಡೆಸ್ಕ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ದೂರದಿಂದಲೇ ಕಂಪ್ಯೂಟರ್ ಒಳಗೆ ಬರುವವರು ಬೇರೆ, ಸಿಸಿಟಿವಿ ಹಾಕಿದವರು ಬೇರೆ. ಈ ಸರಪಳಿ ಎಷ್ಟು ದೂರ ಹೋಗುತ್ತದೆ ಅನ್ನಲು 2017ರ ಜೂನ್ 27ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ವೈರಸ್ ಸೇರಿಸಿದ್ದರು. ಅದು ಜಗತ್ತಿನ ಅತಿ ದೊಡ್ಡ ಹಡಗು ಕಂಪನಿಗಳಲ್ಲಿ ಒಂದಾದ ಮೇರ್ಸ್ಕ್‌ಗೆ ನುಗ್ಗಿತು. ನಮ್ಮ ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನಲ್ಲಿ ಅವರ ಟರ್ಮಿನಲ್ ಕೆಲಸವೂ ನಿಂತಿತು. 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಬೇಕಾಯಿತು. ಕಂಪನಿ ಹೇಳಿದ ನಷ್ಟ 25ರಿಂದ 30 ಕೋಟಿ ಡಾಲರ್. ಈ ಕಥೆಯಲ್ಲಿ ನನಗೆ ಮರೆಯಲಾಗದ ಸಂಗತಿ ಇನ್ನೊಂದಿದೆ. ಅವರ ಜಾಲದಲ್ಲಿ ಯಾರಿಗೆ ಯಾವ ಅನುಮತಿ ಇದೆ ಅಂತ ಇಟ್ಟುಕೊಳ್ಳುವ ಸರ್ವರ್‌ಗಳು ಎಲ್ಲಾ ಕಡೆ ಅಳಿಸಿಹೋಗಿದ್ದವು, ಘಾನಾದಲ್ಲಿ ಒಂದನ್ನು ಬಿಟ್ಟು. ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತು, ಹಾಗಾಗಿ ವೈರಸ್ ತಲುಪಲಿಲ್ಲ. ಆ ಒಂದೇ ಪ್ರತಿಯಿಂದ ಮತ್ತೆ ಎಲ್ಲಾ ಎಬ್ಬಿಸಿದರು. ಜಾಲದಿಂದ ಹೊರಗೆ ಒಂದು ಪ್ರತಿ ಇರಬೇಕು ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಅವರು ಕೇಳಿದ ಮೂರು ವಸ್ತು.

ಅಡ್ಮಿನ್ ಲಾಗಿನ್. ಇದು ಅತಿ ಅಪಾಯದ್ದು. ಗ್ರಾಹಕರ ಪಟ್ಟಿ ಕಾಣುತ್ತದೆ ಅನ್ನುವುದಕ್ಕಿಂತ ದೊಡ್ಡ ತೊಂದರೆ ಇದೆ. ಅಡ್ಮಿನ್ ಆಗಿ ಒಳಗೆ ಹೋದವರು ಪೇಮೆಂಟ್ ಸೆಟ್ಟಿಂಗ್ ಬದಲಿಸಬಹುದು, ಹಣ ಬೇರೆ ಖಾತೆಗೆ ಹೋಗುವಂತೆ ಮಾಡಬಹುದು, ಹಣ ಕಟ್ಟುವ ಪುಟದಲ್ಲಿ ಕಾರ್ಡ್ ನಂಬರ್ ಕದಿಯುವ ಕೋಡ್ ಕೂರಿಸಬಹುದು, ನಿಮ್ಮನ್ನೇ ಹೊರಗೆ ಹಾಕಬಹುದು. ಆ ಲಾಗಿನ್ ಅವರ ಯಾವುದೋ ಕಂಪ್ಯೂಟರ್‌ನಲ್ಲಿ ಸೇವ್ ಆಗಿದ್ದು ಅಲ್ಲಿಂದ ಕಳುವಾದರೆ ಸಾಕು. ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ 2013ರಲ್ಲಿ 4 ಕೋಟಿ ಕಾರ್ಡ್ ಮಾಹಿತಿ ಹೋದದ್ದು ಹೀಗೇ, ಎಸಿ ಮತ್ತು ಫ್ರಿಜ್ ಕೆಲಸದ ಗುತ್ತಿಗೆದಾರರಿಗೆ ಕೊಟ್ಟಿದ್ದ ಲಾಗಿನ್ ಕಳುವಾಗಿ. ಗೋಡೌನ್‌ನವರಿಗೆ ಬೇಕಾದದ್ದು ಹೊಸ ಆರ್ಡರ್ ನೋಡುವುದು, ಕಳಿಸಿದೆ ಅಂತ ಟ್ರ್ಯಾಕಿಂಗ್ ನಂಬರ್ ಬರೆಯುವುದು, ಸ್ಟಾಕ್ ಎಷ್ಟಿದೆ ಅಂತ ತಿದ್ದುವುದು. ಅಷ್ಟಕ್ಕೆ ಎಪಿಐ ಕೀ ಸಾಕು, ಅಂದರೆ ಅವರ ಸಾಫ್ಟ್‌ವೇರ್ ನಿಮ್ಮ ವೆಬ್‌ಸೈಟಿಗೆ ಸೇರಲು ಕೊಡುವ ಬೇರೆ ಕೀಲಿ. ನಿಮ್ಮ ವೆಬ್‌ಸೈಟ್ ಕಟ್ಟಿದ್ದು ಶಾಪಿಫೈನಲ್ಲಾದರೆ ಆ್ಯಪ್‌ಗೆ ಯಾವ ಯಾವ ಅನುಮತಿ ಅಂತ ಒಂದೊಂದಾಗಿ ಆರಿಸಬಹುದು. ಬೇರೆ ಅನುಮತಿ ಕೊಡದಿದ್ದರೆ ಆ್ಯಪ್‌ಗೆ ಕಾಣುವುದು ಹಿಂದಿನ 60 ದಿನದ ಆರ್ಡರ್ ಮಾತ್ರ. ವೂಕಾಮರ್ಸ್ ಆಗಿದ್ದರೆ ಇಷ್ಟು ನುಣುಪಾಗಿ ಕತ್ತರಿಸಲು ಬರುವುದಿಲ್ಲ, ಓದುವುದು ಅಥವಾ ಬರೆಯುವುದು ಅಂತ ಅಷ್ಟೇ ಇದೆ. ಅಲ್ಲಿ ಅಡ್ಮಿನ್ ಹೆಸರಿನಲ್ಲಿ ಕೀ ಮಾಡಬೇಡಿ, ಶಾಪ್ ಮ್ಯಾನೇಜರ್ ಅಂತ ಬೇರೆ ಯೂಸರ್ ಮಾಡಿ ಅದರಲ್ಲಿ ಮಾಡಿ. ಅವರಿಗೆಂದೇ ಒಂದು ಕೀ ಇದ್ದರೆ ಸಂಬಂಧ ಮುರಿದ ದಿನ, ಅಥವಾ ಅವರಲ್ಲಿ ಏನೋ ಆಯಿತು ಅಂತ ಸುದ್ದಿ ಬಂದ ನಿಮಿಷವೇ, ನೀವು ಮನೆಯಲ್ಲಿ ಕೂತು ಅದೊಂದನ್ನು ರದ್ದು ಮಾಡಬಹುದು.

ನಮ್ಮ ಸಾಫ್ಟ್‌ವೇರ್ ಎಪಿಐಗೆ ಸೇರುವುದಿಲ್ಲ, ಲಾಗಿನ್ನೇ ಬೇಕು ಅಂದರೆ, ದಿನಕ್ಕೆ ಎರಡು ಸಲ ಆರ್ಡರ್ ಶೀಟ್ ಇಳಿಸಿ ನೀವೇ ಕಳಿಸಿ. ಕೆಲಸ ಸ್ವಲ್ಪ ಜಾಸ್ತಿ, ಆದರೂ ಪರವಾಗಿಲ್ಲ. ವಾಟ್ಸಾಪ್ ಗ್ರೂಪ್‌ನಲ್ಲಿ ಮಾತ್ರ ಹಾಕಬೇಡಿ, ಅದು ಹತ್ತು ಜನರ ಸ್ವಂತ ಫೋನಿನಲ್ಲಿ ಉಳಿದುಬಿಡುತ್ತದೆ.

ಇ-ವೇ ಬಿಲ್ ಪಾಸ್‌ವರ್ಡ್. ನಮ್ಮ ಕಡೆ ಇದನ್ನು ಟ್ರಾನ್ಸ್‌ಪೋರ್ಟಿನವರಿಗೆ ಕೊಡುವುದು ಎಷ್ಟು ರೂಢಿಯಾಗಿದೆ ಅಂದರೆ ಕೇಳುವವರಿಗೂ ಮುಜುಗರ ಇಲ್ಲ, ಕೊಡುವವರಿಗೂ ಇಲ್ಲ. ಆದರೆ ಅದರಲ್ಲಿ ಯಾರು ಏನೇ ಮಾಡಿದರೂ ಅದು ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಆದ ಕೆಲಸ. ಇಲ್ಲದ ಮಾಲಿಗೆ ನಿಮ್ಮ ಹೆಸರಿನಲ್ಲಿ ಬಿಲ್ ಹುಟ್ಟಿದರೆ ಇಲಾಖೆಯ ಮುಂದೆ ಉತ್ತರ ಕೊಡಬೇಕಾದವರು ನೀವು. ನಿಮ್ಮ ಬಿಡಿ ಪಾರ್ಸೆಲ್‌ಗಳಿಗೆ ಇ-ವೇ ಬಿಲ್ ಬೇಕಾಗುವುದೇ ಇಲ್ಲ, ಅದು ಬೇಕಾಗುವುದು 50,000 ರೂಪಾಯಿ ದಾಟಿದ ಮಾಲಿಗೆ. ಹಾವೇರಿಯಿಂದ ನೆಲಮಂಗಲಕ್ಕೆ ಒಂದು ಗಾಡಿ ತುಂಬಾ ಕಳಿಸುವಾಗ ಬೇಕು. ಆಗ ಎ ಭಾಗವನ್ನು ನೀವು ತುಂಬಿ, ಟ್ರಾನ್ಸ್‌ಪೋರ್ಟರ್ ಐಡಿ ಹಾಕಿ. ಗಾಡಿ ನಂಬರ್ ಇರುವ ಬಿ ಭಾಗವನ್ನು ಅವರು ತಮ್ಮದೇ ಲಾಗಿನ್‌ನಿಂದ ತುಂಬುತ್ತಾರೆ. ಅಂಗಡಿಗಳಿಗೆ ದೊಡ್ಡ ಆರ್ಡರ್ ಅಲ್ಲಿಂದಲೇ ಹೋಗಬೇಕಾದರೆ ಪೋರ್ಟಲ್‌ನಲ್ಲಿ ಸಬ್-ಯೂಸರ್ ಮಾಡುವ ಸೌಲಭ್ಯ ಇದೆ, ಬೇಕಾದಷ್ಟೇ ಅಧಿಕಾರ ಕೊಟ್ಟು. 2025ರ ಏಪ್ರಿಲ್ 1ರಿಂದ ಈ ಪೋರ್ಟಲ್‌ಗೆ ಒಟಿಪಿ ಎಲ್ಲರಿಗೂ ಕಡ್ಡಾಯ ಆಗಿದೆ. ಆಮೇಲೆ ಕೆಲವರು ಪದೇ ಪದೇ ಒಟಿಪಿ ಹೇಳುವುದು ಯಾರು ಅಂತ ಗೋಡೌನ್ ಸೂಪರ್‌ವೈಸರ್ ಮೊಬೈಲ್ ನಂಬರನ್ನೇ ಅಲ್ಲಿ ಹಾಕಿಸಿಬಿಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂದಹಾಗೆ ಆ ಗೋಡೌನ್ ವಿಳಾಸವನ್ನು ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳ ಅಂತ ಸೇರಿಸಿದ್ದೀರಾ? ಇದು ಸೈಬರ್ ವಿಷಯ ಅಲ್ಲ, ಆದರೂ ನೋಡಿಕೊಳ್ಳಿ.

ಹಳೆಯ ಗ್ರಾಹಕರ ಪಟ್ಟಿ. ಇದನ್ನು ಕೊಡಲೇಬೇಡಿ. ನಾಳೆ ಕಳಿಸಬೇಕಾದ ಪಾರ್ಸೆಲ್‌ಗೂ ಮೂರು ವರ್ಷದ ಹಿಂದೆ ಚಟ್ನಿಪುಡಿ ತಗೊಂಡವರ ಫೋನ್ ನಂಬರಿಗೂ ಏನು ಸಂಬಂಧ? ಯಾಕೆ ಬೇಕು ಅಂತ ಬರವಣಿಗೆಯಲ್ಲಿ ಕೇಳಿ. ನನಗೆ ಗೊತ್ತಿರುವ ಹಾಗೆ ಬಹಳ ಸಲ ಉತ್ತರವೇ ಬರುವುದಿಲ್ಲ, ಫಾರ್ಮ್‌ನಲ್ಲಿತ್ತು ಅಂತ ಕೇಳಿರುತ್ತಾರೆ. ನಿಮ್ಮ ಹತ್ತಿರ ಇದ್ದದ್ದು ಅವರಲ್ಲಿ ಇಲ್ಲದಿದ್ದರೆ ಅವರಿಂದ ಸೋರುವುದೂ ಇಲ್ಲ. ಜೊತೆಗೆ, ತಲುಪಿದ ಆರ್ಡರ್‌ಗಳ ವಿವರವನ್ನು ಇಷ್ಟು ದಿನದ ಮೇಲೆ, ವಾಪಸ್ ಬರುವ ಅವಧಿ ಮುಗಿದ ಮೇಲೆ, ಅಳಿಸುತ್ತೇವೆ ಅಂತ ಅವರಿಂದ ಬರೆಸಿಕೊಳ್ಳಿ.

ಅವರು ಕೇಳದ, ನೀವೂ ಯೋಚಿಸದ ಒಂದು ಅಪಾಯ ಇದೆ. ನಿಮ್ಮಂಥವರಿಗೆ ನಿಜವಾಗಿ ಕೈ ಸುಡುವುದು ಅದೇ ಅಂತ ನನ್ನ ಅನುಭವ. ಕ್ಯಾಶ್ ಆನ್ ಡೆಲಿವರಿ ಹಣ. ಗ್ರಾಹಕರು ಕೊಟ್ಟ ಹಣ ಅವರ ಹತ್ತಿರ ಕೂಡಿ, ಆಮೇಲೆ ನಿಮ್ಮ ಖಾತೆಗೆ ಬರುತ್ತದೆ ಅಲ್ವಾ? ಯಾರೋ ಒಬ್ಬ ನಿಮ್ಮ ಹೆಸರಿನಲ್ಲಿ ಅವರ ಅಕೌಂಟ್ಸ್ ವಿಭಾಗಕ್ಕೆ ಮೇಲ್ ಹಾಕುತ್ತಾನೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ವಾರದಿಂದ ಇದಕ್ಕೆ ಕಳಿಸಿ. ಮೇಲ್ ವಿಳಾಸ ನೋಡಲು ನಿಮ್ಮದೇ ಥರ ಇರುತ್ತದೆ, ಇಂಗ್ಲಿಷ್ ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಅಂಟಿಸಿ ಬರೆದಿರುತ್ತಾನೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕೆಲವೊಮ್ಮೆ ನಿಮ್ಮ ಮೇಲ್ ಬಾಕ್ಸ್‌ಗೇ ನುಗ್ಗಿ ಅಲ್ಲಿಂದಲೇ ಕಳಿಸುತ್ತಾನೆ. ಎರಡು ವಾರದ ಹಣ ಹೋದ ಮೇಲೆ ಗೊತ್ತಾಗುತ್ತದೆ. ಆಗ ಅವರು ನೀವೇ ಮೇಲ್ ಮಾಡಿದ್ದೀರಿ ಅನ್ನುತ್ತಾರೆ, ನೀವು ನಾವಲ್ಲ ಅನ್ನುತ್ತೀರಿ. ತಿರುಗಾ ಮುರುಗಾ ಕೂಡ ಆಗುತ್ತದೆ, ಅವರ ಹೆಸರಿನಲ್ಲಿ ನಿಮಗೆ ಬಾಡಿಗೆ ಬಿಲ್ ಬಂದು ಹಣ ಬೇರೆಯವರಿಗೆ ಹೋಗುವುದು. ಇದಕ್ಕೆ ಸಾಫ್ಟ್‌ವೇರ್ ಬೇಡ. ಖಾತೆ ಬದಲಾವಣೆ ಮೇಲ್‌ನಲ್ಲಿ ಒಪ್ಪುವುದಿಲ್ಲ, ಅಗ್ರಿಮೆಂಟ್‌ನಲ್ಲಿ ಬರೆದ ನಂಬರಿಗೆ ಫೋನ್ ಮಾಡಿ ಯಜಮಾನರ ಅಥವಾ ನಿಮ್ಮ ದನಿ ಕೇಳಿ, ಆಮೇಲೆ ಮೂರು ದಿನ ತಡೆದು ಬದಲಿಸಬೇಕು ಅಂತ ಒಂದು ಷರತ್ತು ಸೇರಿಸಿ. ನಿಮ್ಮ ಮೇಲ್‌ಗೆ ಎರಡನೇ ಹಂತದ ಪರಿಶೀಲನೆ ಇವತ್ತೇ ಹಾಕಿ.

ಈಗ ಅವರ ಕಂಪ್ಯೂಟರ್ ಪೂರ್ತಿ ನಿಂತರೆ ಏನು ಅನ್ನುವುದು. ರಾನ್ಸಮ್‌ವೇರ್ ಬಂದ ಗೋಡೌನ್‌ನಲ್ಲಿ ಮಾಲು ಎಲ್ಲೂ ಹೋಗಿರುವುದಿಲ್ಲ, ಕಣ್ಣ ಮುಂದೆಯೇ ಇರುತ್ತದೆ, ಆದರೆ ಯಾವುದು ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ರ್‍ಯಾಕ್ ನಂಬರ್ ಇದ್ದದ್ದು ಕಂಪ್ಯೂಟರ್‌ನಲ್ಲಿ, ಡಬ್ಬಿ ಮೇಲೆ ಇರುವುದು ಬರೀ ಬಾರ್‌ಕೋಡ್. ನಿಮ್ಮದು ತಿನ್ನುವ ಪದಾರ್ಥ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ನೋಡಿ ಹಳೆಯದು ಮೊದಲು ಹೋಗಬೇಕು. ಆ ಲೆಕ್ಕ ತಪ್ಪಿದರೆ ಹಳೇ ಮಾಲು ಗ್ರಾಹಕರ ಮನೆಗೆ ಹೋಗುತ್ತದೆ. ಅದಕ್ಕೇ ಘಾನಾದ ಕಥೆ ಹೇಳಿದ್ದು. ಪ್ರತಿ ದಿನ ಸಂಜೆ ಯಾವ ಐಟಂ, ಯಾವ ಬ್ಯಾಚ್, ಎಷ್ಟು, ಯಾವ ರ್‍ಯಾಕ್ ಅಂತ ಒಂದು ಎಕ್ಸೆಲ್ ಶೀಟ್ ನಿಮಗೆ ತಾನಾಗಿ ಬರಬೇಕು. ಅದು ನಿಮ್ಮ ಹತ್ತಿರ, ಅವರ ಜಾಲದ ಹೊರಗೆ ಉಳಿಯಬೇಕು. ಸಾಮಾನ್ಯವಾಗಿ ಇಂಥ ಸಾಫ್ಟ್‌ವೇರ್‌ನಲ್ಲಿ ಈ ವರದಿ ತೆಗೆಯಬಹುದು. ಸಿಸ್ಟಂ ನಿಂತು 48 ಗಂಟೆ ಆದರೆ ನಮ್ಮ ಗಾಡಿ ಕಳಿಸಿ ಆ ಶೀಟ್ ಹಿಡಿದು ಮಾಲು ಎತ್ತುವ ಹಕ್ಕು ಇರಬೇಕು ಅಂತ ಬರೆಸಿ. ಬಾಡಿಗೆ ಬಾಕಿ ಇದೆ ಅಂತ ಮಾಲು ತಡೆಯುವ ಮಾತು ಆಗ ಬರುತ್ತದೆ, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಷರತ್ತು ಬಿಡಬೇಡಿ. ಅವರಲ್ಲಿ ಏನಾದರೂ ಆದರೆ ಎಷ್ಟು ಗಂಟೆಯಲ್ಲಿ ನಿಮಗೆ ಹೇಳಬೇಕು ಅನ್ನುವುದು. 2022ರ ಏಪ್ರಿಲ್ 28ರ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯಲ್ಲಿ ವರದಿ ಮಾಡಬೇಕು, ಅದು ಕಂಪನಿಗಳಿಗೂ ಅನ್ವಯ. ಸರ್ಕಾರಕ್ಕೆ ಆರು ಗಂಟೆಯಲ್ಲಿ ಹೇಳುವವರು ನಿಮಗೂ ಅದೇ ಹೊತ್ತಿಗೆ ಒಂದು ಫೋನ್ ಮಾಡಲಿ. ಸಾಮಾನ್ಯವಾಗಿ ಆಗುವುದೇನೆಂದರೆ ಸರ್ವರ್ ಮೆಂಟೆನೆನ್ಸ್ ಅಂತ ಹೇಳಿ ನಾಲ್ಕು ದಿನ ದೂಡುತ್ತಾರೆ. ಅಷ್ಟು ದಿನ ನಿಮ್ಮ ವೆಬ್‌ಸೈಟ್ ಹೊಸ ಆರ್ಡರ್ ತಗೊಂಡು ಹಣ ಕಟ್ಟಿಸಿಕೊಳ್ಳುತ್ತಲೇ ಇರುತ್ತದೆ.

ಇನ್ನು ಯಜಮಾನರ ಮಾತು. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಶೆಡ್‌ನಲ್ಲೇ ಇದ್ದರೆ ಸೈಬರ್ ಅಪಾಯ ಇಲ್ಲ ಅನ್ನುವುದು ಸರಿಯಲ್ಲ. ಮನೆಯ ಲ್ಯಾಪ್‌ಟಾಪ್ ಒಂದರಲ್ಲೇ ಎಲ್ಲಾ ಆರ್ಡರ್, ಜಿಎಸ್‌ಟಿ, ಬ್ಯಾಂಕ್ ಇದ್ದು, ಅದರಲ್ಲಿ ಇನ್ನೂ ವಿಂಡೋಸ್ 10 ಓಡುತ್ತಿದ್ದರೆ, ಅದರ ಮಾಮೂಲಿ ಬೆಂಬಲ, ಅಂದರೆ ಸುರಕ್ಷತಾ ಅಪ್‌ಡೇಟ್ ಬರುವುದು, 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ದೊಡ್ಡ ಮಾರ್ಕೆಟ್‌ಪ್ಲೇಸ್‌ನ ಗೋಡೌನ್‌ಗೆ ಹಾಕುವ ದಾರಿಯೂ ಇದೆ, ಅವರ ಸುರಕ್ಷತೆ ಸಾಮಾನ್ಯವಾಗಿ ಗಟ್ಟಿ, ಆದರೆ ಗ್ರಾಹಕರು ನಿಮ್ಮವರಾಗಿ ಉಳಿಯುವುದಿಲ್ಲ, ಕಮಿಷನ್ ಬೇರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ನೆಲಮಂಗಲಕ್ಕೆ ಮುಕ್ಕಾಲು ಭಾಗ ಕೊಟ್ಟು, ಜಾಸ್ತಿ ಓಡುವ ನಾಲ್ಕೈದು ಐಟಂ ಒಂದು ವಾರಕ್ಕಾಗುವಷ್ಟು ಹಾವೇರಿಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅಲ್ಲಿ ನಿಂತ ದಿನ ಇಲ್ಲಿಂದ ಪ್ಯಾಕ್ ಮಾಡಬಹುದು. ಎರಡು ಕಡೆ ಸ್ಟಾಕ್ ನೋಡುವ ತಲೆನೋವು, ಸ್ವಲ್ಪ ಹಣ ಮಾಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಇದರ ನಷ್ಟ. ಸೈಬರ್ ವಿಮೆ ತಗೊಳ್ಳುವುದಾದರೆ ಪಾಲುದಾರ ಕಂಪನಿಯ ಸಿಸ್ಟಂ ನಿಂತು ನಮ್ಮ ವ್ಯಾಪಾರ ನಿಂತರೂ ಪರಿಹಾರ ಇದೆಯಾ ಅಂತ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ.

ಸಹಿ ಹಾಕುವ ಮುಂಚೆ ಒಂದು ಸಲ ನೆಲಮಂಗಲಕ್ಕೆ ಹೋಗಿ ಬನ್ನಿ, ಮೈದುನರನ್ನೂ ಕರೆದುಕೊಂಡು. ಮೀಟಿಂಗ್ ರೂಮ್‌ನಲ್ಲಿ ಕೂರಬೇಡಿ, ಡಿಸ್ಪ್ಯಾಚ್ ಟೇಬಲ್ ಹತ್ತಿರ ಅರ್ಧ ಗಂಟೆ ನಿಲ್ಲಿ. ಮಾನಿಟರ್ ಮೇಲೆ ಚೀಟಿ ಇದೆಯಾ, ತಪ್ಪಾಗಿ ಪ್ರಿಂಟ್ ಆದ ಲೇಬಲ್ ಹರಿದು ಹಾಕುತ್ತಾರಾ ಅಥವಾ ಹಾಗೇ ಕಸಕ್ಕೆ ಹೋಗುತ್ತದಾ, ಡ್ರೈವರ್‌ಗಳಿಗೆ ಕೊಡುವ ವೈಫೈ ಮತ್ತು ಸ್ಕ್ಯಾನರ್‌ಗಳ ವೈಫೈ ಒಂದೇನಾ ನೋಡಿ. ಸೂಪರ್‌ವೈಸರ್‌ಗೆ ಎರಡು ಪ್ರಶ್ನೆ ಕೇಳಿ. ಕೆಲಸ ಬಿಟ್ಟವರ ಲಾಗಿನ್ ಎಷ್ಟು ಹೊತ್ತಿನಲ್ಲಿ ನಿಲ್ಲಿಸುತ್ತೀರಿ? ಬ್ಯಾಕಪ್‌ನಿಂದ ಕೊನೆಯ ಸಲ ಯಾವಾಗ ವಾಪಸ್ ತೆಗೆದು ನೋಡಿದಿರಿ? ಬ್ಯಾಕಪ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ತೆಗೆದು ನೋಡಿದ ದಿನ ಹೇಳುವವರು ಕಡಿಮೆ. ದಿನಾಂಕ ಹೇಳಿದರೆ ಅವರ ಜೊತೆ ಕೆಲಸ ಮಾಡಬಹುದು. ಅಡ್ಮಿನ್ ಲಾಗಿನ್ ಇಲ್ಲದೆ ಆಗುವುದೇ ಇಲ್ಲ ಅಂತ ಕೊನೆಯವರೆಗೂ ಹಟ ಹಿಡಿದರೆ ಬೇರೆಯವರನ್ನು ನೋಡಿ, ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಸುತ್ತಮುತ್ತ ಗೋಡೌನ್‌ಗಳಿಗೆ ಬರ ಇಲ್ಲ.

ಟೆಸ್ಟ್ ಆರ್ಡರ್‌ಗಳನ್ನು ಈ ವಾರವೇ ಹಾಕಿ. ದಾವಣಗೆರೆಯವರಿಗೆ ಫೋನ್ ಮಾಡುವಾಗ ಕ್ಷಮೆ ಕೇಳಿ, ಏನು ಹುಡುಕುತ್ತಿದ್ದೇವೆ ಅಂತಲೂ ಹೇಳಿ. ಪಾರ್ಸೆಲ್ ಬಗ್ಗೆ ನಾವು ಯಾವತ್ತೂ ಫೋನ್ ಮಾಡಿ ನಂಬರ್ ಒತ್ತಿ ಅನ್ನುವುದಿಲ್ಲ, ಬ್ಯಾಂಕ್ ಒಟಿಪಿ ಕೇಳುವುದಿಲ್ಲ ಅಂತ ಎರಡು ಸಾಲು ಪ್ರಿಂಟ್ ಮಾಡಿಸಿ ಪ್ರತಿ ಡಬ್ಬಿಯಲ್ಲೂ ಒಂದು ಚೀಟಿ ಹಾಕಿ. ಟೆಸ್ಟ್ ಫಲಿತಾಂಶ ಬಂದ ಮೇಲೆ ನನಗೆ ಬರೆಯಿರಿ, ನೋಡೋಣ.